ಎಡಗಡೆಯ ಕಮಾನು ಪಟ್ಟಿ

ಸಾಗರ
9 ಫೆಬ್ರುವರಿ 2025, ಭಾನುವಾರ

ಕಾಂತರಾಜ್ ಅವರಿಗೆ ಸ್ವಪ್ನಾ ಮಾಡುವ ನಮಸ್ಕಾರಗಳು.

ನಿಮ್ಮ ಆರೋಗ್ಯ ಹೇಗಿದೆ? ಕೊಯಮತ್ತೂರಿನ ನೀರು ಒಗ್ಗಿತೆ? ಹೋದ ತಿಂಗಳು ಫೋನಿನಲ್ಲಿ ತುಂಬ ಕೆಮ್ಮುತ್ತಿದ್ದಿರಿ. ಗ್ರೈಂಡಿಂಗ್ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಆರು ವರ್ಷ ಹೇಳಿದ್ದೇನೆ, ಈಗಲೂ ಹೇಳುತ್ತಿದ್ದೇನೆ. ಅಭ್ಯಾಸ, ಅಷ್ಟೆ. ಇಲ್ಲಿ ಮಾವನ ಬಿಪಿ ಹತೋಟಿಯಲ್ಲಿದೆ, ಕೈ ನಡುಕ ಮಾತ್ರ ಹೆಚ್ಚಾಗಿದೆ. ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಾರೆ. ಅತ್ತೆ ನನ್ನೊಡನೆ ಮಾತು ಬಿಟ್ಟು ಐದು ದಿನವಾಯಿತು, ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ. ನಾನು ಚೆನ್ನಾಗಿದ್ದೇನೆ. ಎಡಗೈ ಹೆಬ್ಬೆರಳ ಮೇಲೆ ಸುತ್ತಿಗೆ ಬಿದ್ದು ಉಗುರು ಕಪ್ಪಾಗಿದೆ. ಫೋನಿದ್ದೂ ಪತ್ರ ಯಾಕೆ ಎಂದು ಕೇಳಬೇಡಿ. ಫೋನಿನಲ್ಲಿ ನಾನು ಎರಡು ಮಾತು ಆಡುವುದರೊಳಗೆ ‘ಆಮೇಲ್ ಮಾಡ್ತೀನಿ’ ಎಂದು ಇಟ್ಟುಬಿಡುತ್ತೀರಿ. ಇದನ್ನು ಹರಿಯಬಹುದು, ಆದರೆ ನಡುವೆ ಬಾಯಿ ಹಾಕಲು ನಿಮಗೆ ಆಗುವುದಿಲ್ಲ.

ನಿಮ್ಮ ಕಾಂಟೆಸ್ಸಾ ಕಾರಿನ ಕೆಲಸ ಮುಗಿಯಿತು. ಜನವರಿ ಕೊನೆಯಲ್ಲಿ ನೀವು ಮಾವನಿಗೆ ಫೋನು ಮಾಡಿ, ಅಲ್ಲಿ ಯಾರೋ ಗಾಡಿ ನೋಡಬೇಕೆಂದಿದ್ದಾರೆ, ಹಿಂದಿನ ಸಸ್ಪೆನ್ಷನ್, ಕಮಾನು ಪಟ್ಟಿ ಸಮೇತ, ಪೂರ್ತಿ ಹೊಸದು ಮಾಡಿ ಇಡಿ ಎಂದಿರಿ. ‘ಹಳೇ ಪಟ್ಟಿ ಬಿಚ್ಚಿದ್ ದಿನಾನೇ ಗುಜರಿಗೆ ಕೊಟ್ಬಿಡಿ ಅಪ್ಪ, ಜಾಗ ತಿನ್ಕಂಡ್ ಕೂತಿರ್ತಾವೆ’ ಎಂದು ಎರಡು ಸಲ ಹೇಳಿದಿರಂತೆ. ಮೂವತ್ತು ವರ್ಷದಿಂದ ತುಕ್ಕು ಹಿಡಿದ ನಟ್ಟನ್ನೂ ಡಬ್ಬಿಯಲ್ಲಿ ಹಾಕಿಡುವ ಗ್ಯಾರೇಜು ನಮ್ಮದು. ಇವನಿಗೆ ಯಾವಾಗ ಜಾಗದ ಚಿಂತೆ ಹತ್ತಿತೋ ಎಂದು ಮಾವ ನಕ್ಕರು. ನಾನೂ ನಕ್ಕೆ.

ಸೋಮವಾರ ಬೆಳಿಗ್ಗೆ ಟಾರ್ಪಾಲು ತೆಗೆದೆವು. ಒಂಬತ್ತು ತಿಂಗಳ ಧೂಳಿನ ಕೆಳಗೂ ಆ ಹಳದಿ ಬಣ್ಣ, ನಡುವೆ ಎರಡು ಕಪ್ಪು ಪಟ್ಟೆ ಹಾಗೆಯೇ ಹೊಳೆಯುತ್ತಿದ್ದವು. ಮಂಗಳೂರಿನ ಪ್ರದರ್ಶನದಲ್ಲಿ ಬಹುಮಾನ ಬಂದ ದಿನ ನೀವು ನನ್ನನ್ನು ಅದರ ಬಾನೆಟ್ ಮೇಲೆ ಕೂರಿಸಿ ಫೋಟೊ ತೆಗೆಸಿದ್ದಿರಿ. ಜಪಾನಿನ ದೊಡ್ಡ ಎಂಜಿನ್ನು ಕೂರಿಸಿ, ಹಿಂದಿನ ಪಟ್ಟಿಗಳನ್ನು ಕಾಯಿಸಿ, ಬಾಗು ತೆಗೆದು, ಗಾಡಿಯನ್ನು ನೆಲಕ್ಕೆ ಇಳಿಸಿದ್ದಿರಿ. ಕಾಯಿಸಿದ ಪಟ್ಟಿಗೆ ಜೀವ ಇರುವುದಿಲ್ಲ ಎಂದು ಮಾವ ಆಗಲೇ ಗೊಣಗಿದ್ದರು. ಈಗ ಮಾವನ ಕೈಯಲ್ಲಿ ಸ್ಪ್ಯಾನರ್ ನಿಲ್ಲುವುದಿಲ್ಲವಾದ್ದರಿಂದ ಅವರು ಸ್ಟೂಲಿನ ಮೇಲೆ ಕೂತು ಹೇಳುವುದು, ನಾನು ಕೆಳಗೆ ಮಲಗಿ ಮಾಡುವುದು. ನೀವು ಹೋದ ಆಗಸ್ಟಿನಿಂದ ಗ್ಯಾರೇಜು ನಡೆಯುತ್ತಿರುವುದೇ ಹೀಗೆ. ಜಾಕ್ ಏರಿಸಿ, ಗಾಡಿಯ ಅಡಿಗೆ ಮರದ ದಿಮ್ಮಿ ಕೊಟ್ಟು, ಪಟ್ಟಿಗಳನ್ನು ಹಿಡಿದಿದ್ದ ಯು ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟೆ. ಬಲಗಡೆಯದು ಸಲೀಸಾಗಿ ಬಂತು. ಎಡಗಡೆಯದು ಹಟ ಹಿಡಿದಿತ್ತು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದು, ಪಿನ್ನು ಹೊಡೆದು ಹೊರಗೆ ಹಾಕುವಾಗ ಬೆರಳು ಜಜ್ಜಿಹೋಯಿತು.

ಎಡಗಡೆಯ ತಾಯಿಪಟ್ಟಿ, ಎಲ್ಲಕ್ಕಿಂತ ಮೇಲಿನ ಉದ್ದದ್ದು, ಎರಡು ತುಂಡಾಗಿತ್ತು. ಅದು ಹೊಸ ಸುದ್ದಿಯಲ್ಲ. ಅಪಘಾತದ ದಿನ ಗಾಡಿ ಮೋರಿಗೆ ಬಡಿದಾಗ ಮುರಿದದ್ದು ಎಂದು ಬ್ರೇಕು, ಸ್ಟೇರಿಂಗು ನೋಡಿದ ಇನ್‌ಸ್ಪೆಕ್ಟರೂ ಬರೆದಿದ್ದರು. ನಾನು ತುಂಡುಗಳನ್ನು ಡೀಸೆಲ್ಲಿನಲ್ಲಿ ತೊಳೆದೆ. ಗ್ರೀಸು, ಮಣ್ಣು ಹೋಯಿತು, ಅದರ ಕೆಳಗೆ ಅಂಗೈ ಅಗಲದಷ್ಟು ಕಪ್ಪು ಪೇಂಟು ಕಂಡಿತು. ಬೇರೆ ಯಾವ ಪಟ್ಟಿಗೂ ಪೇಂಟಿಲ್ಲ. ಉಜ್ಜಿದೆ. ಪೇಂಟಿನ ಕೆಳಗೆ ವೆಲ್ಡಿಂಗ್. ಗ್ರೈಂಡರ್ ಹೊಡೆದು ಮಟ್ಟ ಮಾಡಿದ ವೆಲ್ಡಿಂಗ್. ಪಟ್ಟಿ ಮುರಿದಿದ್ದು ಸರಿಯಾಗಿ ಅದರ ಅಂಚಿನಲ್ಲೇ.

ಕಮಾನು ಪಟ್ಟಿಗೆ ವೆಲ್ಡಿಂಗ್ ಮಾಡಬಾರದು, ಭಾರ ಬಿದ್ದರೆ ಅಲ್ಲೇ ಮುರಿಯುತ್ತದೆ ಎಂಬುದು ಈ ಮನೆಗೆ ಬಂದ ಮೊದಲ ವರ್ಷವೇ ನಾನು ಕಲಿತ ಪಾಠ. ನಿಮಗೆ ಹಾಲುಹಲ್ಲಿನ ವಯಸ್ಸಿನಿಂದ ಗೊತ್ತು. ಮಾವ ತುಂಡನ್ನು ಬೆಳಕಿಗೆ ಹಿಡಿದರು. ಒಳಮಗ್ಗುಲಿಗೆ ಗ್ರೈಂಡರ್ ತಲುಪಿರಲಿಲ್ಲ. ಅಲ್ಲಿ ಬಲದಿಂದ ಎಡಕ್ಕೆ, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂತ ಗುರುತು. ನೀವು ಎಡಚ. ಈ ಸೀಮೆಯಲ್ಲಿ ಹಾಗೆ ವೆಲ್ಡಿಂಗ್ ಎಳೆಯುವವರು ಮತ್ತೊಬ್ಬರಿಲ್ಲ ಎಂದು ಮಾವ ಎಷ್ಟು ಜನರೆದುರು ಹೊಗಳಿಲ್ಲ! ಈಗ ಬೆರಳಿಂದ ಆ ಗುರುತು ಸವರಿ, ‘ಇದು ನಮ್ಮ ಕಾಂತನ ಕೈ’ ಎಂದರು. ಆಮೇಲೆ ತುಂಡನ್ನು ಕಾಲ ಬುಡದಲ್ಲಿ ಇಟ್ಟುಕೊಂಡು ಊಟದ ಹೊತ್ತಿನ ತನಕ ಸ್ಟೂಲಿನಿಂದ ಏಳಲಿಲ್ಲ.

ನಾನು ಮತ್ತೆ ಗಾಡಿಯ ಕೆಳಗೆ ಹೋಗಿ ಮಲಗಿದೆ. ಕಳೆದ ಮೇ ತಿಂಗಳು ಒಂದೊಂದಾಗಿ ನೆನಪಾಯಿತು. ತೀರ್ಥಹಳ್ಳಿಯ ಮದುವೆಗೆ ಮದುಮಗನ ಗಾಡಿ ಎಂದು ಒಪ್ಪಿಕೊಂಡವರು ನೀವು. ಮದುವೆಯ ಹಿಂದಿನ ಎರಡು ದಿನ ಷೆಡ್ಡಿನ ಬಾಗಿಲು ಹಾಕಿಕೊಂಡು ಕೆಲಸ ಮಾಡಿದವರು ನೀವು. ಹೊರಡುವ ಬೆಳಿಗ್ಗೆ ನಡು ಹಿಡಿದಿದೆ ಎಂದು ಮಲಗಿ, ಹೊಸನಗರದಿಂದ ನನ್ನ ತಮ್ಮ ಸಂದೇಶನನ್ನು ಕರೆಸಿದವರೂ ನೀವೇ. ಎಂಟು ವರ್ಷ ಇದೇ ರಸ್ತೆಯಲ್ಲಿ ಖಾಸಗಿ ಬಸ್ಸು ಓಡಿಸಿ ಒಂದು ನಾಯಿಗೂ ತಾಗಿಸದವನು ಅವನು. ಹೊಸನಗರ ದಾಟಿದ ಮೇಲಿನ ತಿರುವಿನಲ್ಲಿ ಗಾಡಿ ಅಡ್ಡ ಹೋಗಿ, ಬಸ್ಸಿಗೆ ಕಾದು ನಿಂತಿದ್ದ ಅಂಗನವಾಡಿಯ ಯಮುನಮ್ಮನಿಗೆ ಬಡಿದು, ಮೋರಿಗೆ ಗುದ್ದಿ ನಿಂತಿತು. ಯಮುನಮ್ಮ ಆಸ್ಪತ್ರೆ ಮುಟ್ಟಲಿಲ್ಲ. ಸ್ಟೇಷನ್ನಿನಲ್ಲಿ ಸಂದೇಶ ಹೇಳಿದ್ದು ಒಂದೇ ಮಾತು. ‘ನಾನು ಸ್ಟೇರಿಂಗ್ ತಿರುಗ್ಸಿದ್ದು ಒಂದ್ ಕಡೆಗೆ, ಹಿಂದ್ಗಡೆಯಿಂದ ಯಾರೋ ಎಳ್ದಂಗಾಗಿ ಗಾಡಿ ಹೋಗಿದ್ದು ಇನ್ನೊಂದ್ ಕಡೆಗೆ.’ ಹಿಂದೆ ಸದ್ದು ಬಂದರೆ ತಲೆ ಕೆಡಿಸಿಕೊಳ್ಳಬೇಡ ಎಂದು ಭಾವ ಹೇಳಿದ್ದರು ಎಂದೂ ಹೇಳಿದ. ‘ನಾನೆಂತದೂ ಹೇಳಿಲ್ಲ’ ಎಂದು ನೀವು ಅವನ ಮುಖ ನೋಡಿಯೇ ಹೇಳಿದಿರಿ. ಗಾಡಿ ನಮ್ಮ ಗ್ಯಾರೇಜಿನದು, ಚೊಕ್ಕ ಇತ್ತು, ಹುಡುಗ ಜೋರು ಹೊಡೆದಿದ್ದಾನೆ ಎಂದು ಮಾವ ನಿಮ್ಮನ್ನು ನಂಬಿ ಹೇಳಿಕೆ ಕೊಟ್ಟರು. ನಾನೂ ನಂಬಿದೆ. ಒಡಹುಟ್ಟಿದವನಿಗೆ ‘ತಪ್ಪು ಒಪ್ಕೊಳೋ, ಸುಳ್ಳು ಸೇರಿಸ್ಬೇಡ’ ಎಂದು ಬುದ್ಧಿ ಹೇಳಿ ಬಂದೆ. ನಿಮ್ಮ ಮೇಲಿನ ಸಿಟ್ಟಿಗಿಂತ ಆ ಮಾತು ನನ್ನನ್ನು ಹೆಚ್ಚು ಸುಡುತ್ತದೆ.

ಮಂಗಳವಾರ ಗುಜರಿಯವನ ಗಾಡಿ ಬಂದಿತ್ತು. ಅತ್ತೆ ಎರಡೂ ತುಂಡುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಿದ್ದರು. ಹಿಂದಿನ ರಾತ್ರಿ ಮಾವ ಅವರಿಗೆ ಹೇಳಿದ್ದಿರಬೇಕು. ನಾನು ಅಂಗಳದಲ್ಲಿ ಅಡ್ಡ ನಿಂತೆ. ‘ಸತ್ತೋರು ಸತ್ರು. ನನ್ ಮಗನ್ನೂ ಕೊಲ್ತೀಯೇನೇ’ ಎಂದರು. ನನ್ನ ತಮ್ಮ ಒಂಬತ್ತು ತಿಂಗಳಿಂದ ಸಾಯುತ್ತಿದ್ದಾನಲ್ಲ ಎಂದೆ. ಇಬ್ಬರೂ ಒಂದು ಕಬ್ಬಿಣದ ತುಂಡಿಗೆ ಜಗ್ಗಾಡಿದೆವು, ಹೇಳಲು ನಾಚಿಕೆಯಾಗುತ್ತದೆ. ಮಾವ ಷೆಡ್ಡಿನಿಂದ ಬಂದರು. ಅತ್ತೆಯ ಹೆಸರು ಹಿಡಿದು, ‘ಹುಲಿಯಮ್ಮ, ಅದನ್ನ ಇಲ್ಲಿ ಕೊಡು’ ಎಂದರು ಮೆಲ್ಲಗೆ. ಅತ್ತೆ ಕೊಟ್ಟರು. ಅಂದಿನಿಂದ ನನ್ನ ಕೈಯಡುಗೆ ಮುಟ್ಟುತ್ತಿಲ್ಲ. ಅವರ ಮೇಲೆ ನನಗೆ ಕೋಪವಿಲ್ಲ. ನೀವು ಅವರಿಂದ ಇಂಥ ಕೆಲಸ ಮಾಡಿಸಿದಿರಿ ಎಂದು ಕೋಪ.

ಮಾವ ಪಟ್ಟಿಯನ್ನು ಗೋಣಿಚೀಲದಲ್ಲಿ ಸುತ್ತಿ ತಮ್ಮ ಮಂಚದ ಕೆಳಗೆ ಇಟ್ಟುಕೊಂಡರು. ‘ಕೈ ಹಾಕಿದ್ ಕೆಲ್ಸ ಅರ್ಧಕ್ಕೆ ಬಿಡೋದ್ ಬ್ಯಾಡ’ ಎಂದು ನನ್ನನ್ನು ಕೆಲಸಕ್ಕೆ ಹಚ್ಚಿದರು. ಶಿವಮೊಗ್ಗದಿಂದ ಬಂದ ಹೊಸ ಪಟ್ಟಿಗಳನ್ನು ಅಳತೆ ಪ್ರಕಾರ ಜೋಡಿಸಿ, ನಡುವಿನ ಬೋಲ್ಟಿನ ತಲೆ ಆಕ್ಸಲಿನ ಗುಳಿಯಲ್ಲಿ ಕೂತಿದೆಯೇ ಎಂದು ಬೆರಳಿಟ್ಟು ನೋಡಿ, ರಬ್ಬರಿನ ಬುಷ್ಷು, ಶಾಕ್ ಅಬ್ಸಾರ್ಬರು ಎಲ್ಲ ಹೊಸದು ಹಾಕಿದೆವು. ಗಾಡಿ ನೆಲಕ್ಕೆ ಇಳಿದು ತನ್ನ ಭಾರ ತಾನು ಹೊತ್ತ ಮೇಲೆಯೇ ಪಿನ್ನುಗಳಿಗೆ ಕೊನೆಯ ಬಿಗಿ ಕೊಡಬೇಕು, ಇಲ್ಲದಿದ್ದರೆ ಬುಷ್ಷು ತಿರುಚಿಕೊಳ್ಳುತ್ತದೆ ಎಂದು ಮಾವ ಹೇಳಿಕೊಟ್ಟರು. ಗುರುವಾರ ಸಂಜೆ ಮುಗಿಯಿತು. ಗಾಡಿಯ ಹಿಂಭಾಗ ಈಗ ನಾಲ್ಕು ಬೆರಳು ಎತ್ತರ. ನಿಮಗೆ ಇಷ್ಟವಾಗುವುದಿಲ್ಲ. ಆದರೆ ಅದು ಸರಿಯಾದ ಎತ್ತರ.

ಶುಕ್ರವಾರ ಮಾವ ಸ್ನಾನ ಮಾಡಿ, ಗೋಣಿಚೀಲ ಹಿಡಿದು, ‘ನಡಿ ಸ್ವಪ್ನಾ, ಹೊಸನಗರಕ್ಕೆ ಹೋಗನ’ ಎಂದರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಸಂದೇಶ ಈಗ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿಯಲ್ಲಿ ಚೀಲ ಇಳಿಸುತ್ತಾನೆ. ಸ್ಟೇರಿಂಗ್ ಮುಟ್ಟುವುದಿರಲಿ, ಬಸ್ಸಿನ ಮುಂದಿನ ಸೀಟಿನಲ್ಲೂ ಕೂರುವುದಿಲ್ಲ. ಮಾವ ಅವನೆದುರು ಗೋಣಿ ಬಿಚ್ಚಿ ಎಲ್ಲ ಹೇಳಿದರು. ‘ನಾನು ಪೊಲೀಸ್ರಿಗೆ ಹೇಳಿದ್ದು ಸುಳ್ಳಾತು ಸಂದೇಶ. ಗೊತ್ತಿಲ್ದೆ ಹೇಳ್ದೆ. ಆದ್ರೂ ಸುಳ್ಳೇ’ ಎಂದರು. ಅವನು ಕುಣಿದಾಡಬಹುದು, ನಿಮ್ಮನ್ನು ಬೈಯಬಹುದು ಎಂದುಕೊಂಡಿದ್ದೆ. ಅವನು ಪಟ್ಟಿಯನ್ನು ಮುಟ್ಟಲಿಲ್ಲ. ‘ಇದು ಸರಿ ಇದ್ದಿದ್ರೆ ಯಮುನಮ್ಮ ಇವತ್ತು ಇರ್ತಿದ್ರಾ?’ ಎಂದು ಕೇಳಿದ. ಮಾವ ‘ಇರ್ತಿದ್ರು’ ಎಂದರು. ಸಂದೇಶ ಚೀಲಗಳ ಮೇಲೆ ಕೂತು ಮುಖ ಮುಚ್ಚಿಕೊಂಡ. ನಾನು ಹತ್ತಿರ ಹೋದರೆ ‘ಅಕ್ಕ, ಈಗ ಬ್ಯಾಡ’ ಎಂದ. ಅವನಿಗೆ ನನ್ನ ಕೈ ಬೇಡವಾಯಿತು. ಯಾಕೆ ಬೇಕಾಗಬೇಕು?

ಬೇಳೂರು ಕಡೆಯ ಸೀಬೆಹಣ್ಣು ಬಂದಿದೆ, ಅತ್ತೆ ನಿಮಗೆಂದು ಎತ್ತಿಟ್ಟಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಇಲ್ಲಿ ಅತ್ತೆ ನಿಮ್ಮನ್ನು ದಿನಕ್ಕೆ ಹತ್ತು ಸಲ ನೆನೆಸುತ್ತಾರೆ. ಮಾವ ನಿಮಗೇನೂ ತಿಳಿಸು ಎಂದಿಲ್ಲ. ದೇವರು ನಿಮಗೆ ಆರೋಗ್ಯ ಕೊಡಲಿ ಎಂದು ನಾನು ಈಗಲೂ ಬೇಡುತ್ತೇನೆ. ಅದಕ್ಕಿಂತ ಹೆಚ್ಚಿನದೇನನ್ನೂ ಬೇಡಲು ಬಾಯಿ ಬರುತ್ತಿಲ್ಲ.

ಇಂತಿ,
ಸ್ವಪ್ನಾ

ಮರೆತ ಮಾತು: ಅಂಚೆಗೆ ಹಾಕುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಹೊಸನಗರದಿಂದ ಹೊರಡುವ ಮೊದಲೇ ಮಾವ ಸಂದೇಶನ ವಕೀಲರ ಹತ್ತಿರ ಹೋದರು. ಬಿಚ್ಚುವ ಮೊದಲೇ ತಿಳಿಸಬೇಕಿತ್ತು, ಈಗ ಪಟ್ಟಿಯೊಂದೇ ಸಾಲದು, ವೆಲ್ಡಿಂಗ್ ಯಾರದೆಂದು ಗುರುತಿಸುವ ಸಾಕ್ಷಿ ಬೇಕು ಎಂದರು ವಕೀಲರು. ಮಾವ ಸಾಕ್ಷಿ ಹೇಳಲು ಒಪ್ಪಿ ಸಹಿ ಹಾಕಿ ಬಂದಿದ್ದಾರೆ. ಇಪ್ಪತ್ತನೇ ತಾರೀಖು ಗುರುವಾರ ಕೋರ್ಟಿನಲ್ಲಿ ನಿಂತು ನಿಮ್ಮ ಹೆಸರು ಹೇಳುತ್ತಾರೆ. ‘ಅವನಿಗೆ ತಿಳಿಸ್ಬೇಡ, ತಿಳಿದ್ರೆ ಇನ್ನೂ ದೂರ ಓಡ್ತಾನೆ’ ಎಂದು ಮಾವ ನನಗೆ ಹೇಳಿದ್ದರು. ಅವರ ಮಾತು ಮೀರಿ ಬರೆಯುತ್ತಿದ್ದೇನೆ. ನೀವೇ ಮೊದಲು ಬಂದು ಹೇಳಿದರೆ ಅವರು ಹೇಳಬೇಕಾಗುವುದಿಲ್ಲ. ಎಪ್ಪತ್ತೆರಡು ವರ್ಷದ ಮನುಷ್ಯನಿಗೆ ಅಷ್ಟಾದರೂ ಉಳಿಸಿಕೊಡಿ. ಹತ್ತೊಂಬತ್ತರ ಸಂಜೆ ತನಕ ಕಾಯುತ್ತೇನೆ. ಆಮೇಲೆ ಕೋರ್ಟಿಗೆಂದು ಮಾವನ ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿ ಇಡುತ್ತೇನೆ.