ಒಲೆ ಒಂದು, ಮನೆ ಆರು

ಕುಂಬಳೆ
14 ನವೆಂಬರ್ 2025

ಗೋಡೆಯ ಆಚೆ ಬದಿಯ ವಸುಮತಿ ಅಕ್ಕನಿಗೆ ಈಚೆ ಬದಿಯಿಂದ ಶ್ರೀರಂಜಿನಿಯ ನಮಸ್ಕಾರ.

ನಿಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ನನಗೆ ಇಲ್ಲಿ ಸೀನು ಬರುತ್ತದೆ. ಅಷ್ಟು ಹತ್ತಿರ ಕೂತು ನಿಮಗೆ ಕಾಗದ ಬರೆಯುತ್ತಿದ್ದೇನೆ. ನಾಳೆ ಕಾಸರಗೋಡಿನಲ್ಲಿ ಸ್ಟ್ಯಾಂಪು ಹಚ್ಚಿ ಅಂಚೆಗೆ ಹಾಕುತ್ತೇನೆ. ಪೋಸ್ಟಿನವನು ಎರಡು ವಿಳಾಸವನ್ನೂ ನೋಡಿ ಇವರಿಗೆ ತಲೆ ಸರಿ ಉಂಟಾ ಎಂದು ಕೇಳಿಯಾನು. ಕೇಳಲಿ. ಎದುರು ಸಿಕ್ಕಿದರೆ ನಿಮ್ಮ ಮುಖ ಆ ಕಡೆ, ನನ್ನ ಮುಖ ಈ ಕಡೆ. ಏಳು ವರ್ಷದಿಂದ ಅದೇ ಅಭ್ಯಾಸವಾಗಿದೆ. ಬರೆಯುವಾಗ ಮುಖ ತಿರುಗಿಸುವ ಹಾಗಿಲ್ಲ.

ಹಳೆಯದನ್ನು ಕೆದಕಲು ಬರೆಯುತ್ತಿಲ್ಲ. ಇವರ ಪ್ರೆಸ್ಸು ಮುಚ್ಚಿ ಕೆಲಸ ಹೋದ ವರ್ಷ, ತಿನ್ನುವವರು ನಾಲ್ಕು ಜನ, ತರುವವರು ಒಬ್ಬರೂ ಇಲ್ಲ ಎಂಬ ಆ ಮಾತು ಬಂತು. ಆ ಮಾತಿನಿಂದ ಒಲೆ ಎರಡಾಯಿತು. ಇವರು ಹಟ ಹಿಡಿದು ಮೇಸ್ತ್ರಿಯನ್ನು ಕರೆಸಿ ಅಣ್ಣನ ಮನೆಗೂ ತಮ್ಮನ ಮನೆಗೂ ನಡುವೆ ಗೋಡೆ ಎಬ್ಬಿಸಿದರು. ಅದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಈಗ ಬರೆಯುತ್ತಿರುವುದು ಬೇರೆ. ನಾನು ಒಂದು ಸಂಗತಿ ಕಂಡೆ ಅಕ್ಕ, ಕಂಡು ಬೆರಗಾದೆ. ಯಾರಿಗಾದರೂ ಹೇಳಬೇಕು ಎನಿಸಿದಾಗ ನೆನಪಾದದ್ದು ನೀವು.

ಎರಡು ತಿಂಗಳಿನಿಂದ ನಾನು ಬೆಳಿಗ್ಗೆ ಚೀಲ ಹಾಕಿಕೊಂಡು ಹೊರಡುವುದನ್ನು ನೀವು ಕಿಟಕಿಯಿಂದ ನೋಡುತ್ತೀರಿ. ನೋಡುವುದು ನನಗೆ ಗೊತ್ತು, ಯಾಕೆಂದರೆ ನಾನೂ ಹಾಗೆ ನೋಡುವವಳೇ. ಕಾಸರಗೋಡು ನಗರಸಭೆಯಲ್ಲಿ ಸರ್ವೆಯ ಕೆಲಸ ಸಿಕ್ಕಿದೆ, ಟೆಂಪರರಿ. ಪಟ್ಟಣಕ್ಕೆ ಇನ್ನೂ ಎಷ್ಟು ಮನೆ ಬೇಕು, ಯಾರಿಗೆ ಬೇಕು ಎಂದು ಯೋಜನೆ ಮಾಡುತ್ತಾರಂತೆ. ಅದಕ್ಕೆ ಮನೆ ಮನೆಗೆ ಹೋಗಿ ಯಾರಿಗೆ ಎಂತ ಕೆಲಸ, ವರಮಾನ ಎಷ್ಟು ಎಂದು ಬರೆದು ತರಬೇಕು. ಫಾರಂ ಮಲಯಾಳದಲ್ಲಿ, ಜನರ ಮಾತು ತುಳುವಿನಲ್ಲಿ, ಕನ್ನಡದಲ್ಲಿ. ಮೂರೂ ಬರುತ್ತದೆ ಎಂದು ನನ್ನನ್ನು ತೆಗೆದುಕೊಂಡರು.

ನಮ್ಮ ಆಫೀಸರು ಕೃಷ್ಣಕುಮಾರ್ ಎಂದು, ನೀಲೇಶ್ವರದ ಕಡೆಯವರು. ನಗುವುದಕ್ಕೂ ಮೇಲಿನಿಂದ ಆರ್ಡರು ಬರಬೇಕು ಎಂಬಂಥ ಮನುಷ್ಯ. ತರಬೇತಿಯ ದಿನ ಬೋರ್ಡಿನಲ್ಲಿ ಬರೆದರು: ಒಂದೇ ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರು ಒಂದು ಕುಟುಂಬ. ಒಂದು ಕುಟುಂಬಕ್ಕೆ ಒಂದು ಫಾರಂ. ವರ್ಷದ ವರಮಾನ ಮೂರು ಲಕ್ಷ ದಾಟಿದರೆ ಆ ಕುಟುಂಬಕ್ಕೆ ಮನೆ ಇಲ್ಲ. ಅದನ್ನು ಬರೆದುಕೊಳ್ಳುವಾಗ ನಮ್ಮ ಗೋಡೆ ನೆನಪಾಗಿ ನನ್ನ ಪೆನ್ನು ನಿಂತಿತು.

ಪಟ್ಟಣದಲ್ಲಿ ರೈಲು ಹಳಿಯ ಆಚೆ ಒಂದು ಲೈನ್ ಕ್ವಾರ್ಟರ್ಸ್ ಉಂಟು. ಸಾಲಾಗಿ ಆರು ಕೋಣೆ, ಶೀಟು ಹೊದಿಸಿದ ಮಾಡು, ಕೋಣೆಗೊಂದು ಸಂಸಾರ. ಧಣಿಗಳು ಜಾಗ ಮಾರಿಬಿಟ್ಟಿದ್ದಾರೆ. ಮಾರ್ಚ್ ಕಳೆಯುವುದರೊಳಗೆ ಎಲ್ಲರೂ ಖಾಲಿ ಮಾಡಬೇಕು. ನಗರಸಭೆಯ ಪಟ್ಟಿಯಲ್ಲಿ ಹೆಸರು ಬಂದರೆ ಮನೆ, ಇಲ್ಲದಿದ್ದರೆ ರಸ್ತೆ. ಎರಡನೇ ಕೋಣೆಯ ಕಮಲ ನನ್ನನ್ನು ಕಂಡ ಕೂಡಲೇ ಹೇಳಿದ್ದು ಅದನ್ನೇ. ಅವಳ ಮಗಳು ಬಟ್ಟೆ ಬದಲಿಸುವಷ್ಟು ಹೊತ್ತು ಗಂಡ ಹೊರಗೆ ಮಳೆಯಲ್ಲಾದರೂ ನಿಲ್ಲಬೇಕಂತೆ.

ಆರು ಬಾಗಿಲು ಕಂಡು ನಾನು ಆರು ಫಾರಂ ತೆಗೆದೆ. ವರಮಾನ ಇಲ್ಲದ ತಿಂಗಳು ಯಾವುದು ಎಂದು ಅದರಲ್ಲಿ ಒಂದು ಪ್ರಶ್ನೆ. ಕೂಸಪ್ಪನಿಗೆ ಕೆಂಪುಕಲ್ಲು ಕಡಿಯುವ ಕೋರೆಯಲ್ಲಿ ಕೆಲಸ, ಮಳೆಗಾಲ ಪೂರ್ತಿ ಇಲ್ಲ. ಕಮಲ ಪಾತ್ರೆ ತೊಳೆಯುವ ಹೋಟೆಲು ರಂಜಾನ್ ನೋಂಬಿನ ತಿಂಗಳು ಮುಚ್ಚುತ್ತದೆ. ಆಟೋದ ಲತೀಶನಿಗೆ ಶಾಲೆಯ ಮಕ್ಕಳದ್ದೇ ಬಾಡಿಗೆ, ಏಪ್ರಿಲ್ ಮೇ ಸೊನ್ನೆ. ಹೀಗೆ ಒಬ್ಬೊಬ್ಬರಿಗೆ ಒಂದೊಂದು. ಕೊನೆಯ ಕೋಣೆಯ ತುಂಗಕ್ಕ ಒಂಟಿ ಹೆಂಗಸು, ಎಪ್ಪತ್ತರ ಹತ್ತಿರ, ಹಿಂದೆ ಬೀಡಿ ಕಟ್ಟುತ್ತಿದ್ದವರು. ಈಗ ಎಂತ ಕೆಲಸ ಎಂದು ಕೇಳಿದ್ದಕ್ಕೆ ಎಂತದೂ ಇಲ್ಲ ಟೀಚರೇ ಎಂದರು. ಕೈಯಲ್ಲಿ ಕಾಗದ ಇದ್ದವರೆಲ್ಲ ಅವರಿಗೆ ಟೀಚರೇ. ನಾನು ಇಲ್ಲ ಎಂದು ಬರೆಯುವಷ್ಟರಲ್ಲಿ ಕಮಲ ತಡೆದಳು. ತುಂಗಕ್ಕನಿಗೆ ಕೆಲಸ ಇಲ್ಲ ಎಂದು ಬರೆದರೆ ನಮಗೆ ಯಾರಿಗೂ ಇಲ್ಲ ಎಂದೇ ಬರೆಯಿರಿ ಎಂದಳು.

ಮತ್ತೆ ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಚಪ್ಪರ, ಚಪ್ಪರದಡಿ ಒಂದೇ ಒಲೆ, ಒಲೆಯ ಮೇಲೆ ನಮ್ಮ ಮನೆಯ ಬಾವಿಯ ಕೊಡಪಾನ ಎರಡು ಹಿಡಿಯುವಷ್ಟು ದೊಡ್ಡ ಪಾತ್ರೆ. ಕೊರೋನದ ವರ್ಷ ಆರೂ ಕೋಣೆಯಲ್ಲಿ ಗ್ಯಾಸು ಮುಗಿದು, ಯಾರ ಕೈಯಲ್ಲೂ ಕಾಸಿಲ್ಲದಾಗ, ತುಂಗಕ್ಕ ಇದ್ದಬದ್ದ ಅಕ್ಕಿಯನ್ನೆಲ್ಲ ಸೇರಿಸಿ ಗಂಜಿ ಬೇಯಿಸಿದರಂತೆ. ಆಮೇಲೆ ಬೇರೆಯಾಗಬೇಕೆಂದು ಯಾರಿಗೂ ಅನಿಸಲೇ ಇಲ್ಲವಂತೆ. ಇಪ್ಪತ್ತೊಂದು ಜನ. ಕೆಲಸ ಇದ್ದವರು ಸಾಮಾನು ತರುತ್ತಾರೆ, ಇಲ್ಲದವರು ಕಟ್ಟಿಗೆ ಒಡೆಯುತ್ತಾರೆ. ಈ ತಿಂಗಳು ನೀನು ಎಂತ ತಂದೆ ಎಂದು ಐದು ವರ್ಷದಲ್ಲಿ ಒಬ್ಬರೂ ಒಬ್ಬರನ್ನು ಕೇಳಿಲ್ಲ.

ನಾನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಆರು ಫಾರಮನ್ನೂ ಮಡಿಲಲ್ಲಿ ಹರಡಿದೆ. ವರಮಾನ ಇಲ್ಲದ ತಿಂಗಳುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಎಲ್ಲರಿಗೂ ಒಟ್ಟಿಗೆ ಖಾಲಿಯಾದ ತಿಂಗಳು ಒಂದೂ ಇರಲಿಲ್ಲ ಅಕ್ಕ. ಒಬ್ಬರದ್ದು ನಿಂತಾಗ ಇನ್ನೊಬ್ಬರದ್ದು ನಡೆಯುತ್ತಿತ್ತು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದು ಅತ್ತೆ ಹೇಳುತ್ತಿದ್ದರಲ್ಲ, ನಾನು ಅದನ್ನು ಬರೀ ಗಾದೆ ಎಂದುಕೊಂಡಿದ್ದೆ. ಯಾವ ಆಫೀಸೂ ಹೇಳಿಕೊಡದೆ, ಒಂದು ಕಾಗದವೂ ಬರೆಯದೆ, ಈ ಜನ ಇಷ್ಟು ದೊಡ್ಡ ಕೆಲಸ ಮಾಡಿಟ್ಟಿದ್ದಾರೆ.

ಆಮೇಲೆ ಬೋರ್ಡಿನ ಮೇಲಿನ ಸಾಲು ನೆನಪಾಯಿತು. ಒಲೆ ಒಂದು, ಹಾಗಾದರೆ ಕುಟುಂಬ ಒಂದು. ಆರು ಮನೆಯ ವರಮಾನ ಕೂಡಿದರೆ ಮೂರು ಲಕ್ಷ ಸುಲಭದಲ್ಲಿ ದಾಟುತ್ತದೆ. ಒಟ್ಟಿಗೆ ಉಂಡದ್ದಕ್ಕೆ ಆರು ಮನೆಯಲ್ಲಿ ಒಂದೂ ಸಿಗುವುದಿಲ್ಲ. ವಿಷಯ ಹೇಳಿದೆ. ಮಂಗಳವಾರ ಆಫೀಸರು ತನಿಖೆಗೆ ಬರುತ್ತಾರೆ, ಅಷ್ಟರಲ್ಲಿ ಕೋಣೆಗೊಂದು ಸ್ಟೌ ಇಟ್ಟುಬಿಡಿ, ಬೇರೆ ಬೇರೆ ಅಡುಗೆ ಎಂದು ಹೇಳಿ ಎಂದೂ ಹೇಳಿಕೊಟ್ಟೆ. ಹೌದು, ಸುಳ್ಳು ಕಲಿಸಿದ್ದು ನಾನೇ. ಒಲೆಯ ವಿಷಯದಲ್ಲಿ ಸುಳ್ಳು ನನಗೆ ಹೊಸದಲ್ಲ.

ಮಂಗಳವಾರ ಹೋದೆವು. ಎಲ್ಲಿಂದಲೋ ಕೇಳಿ ತಂದ ಸ್ಟೌಗಳು, ಬಾಗಿಲಿಗೊಂದು. ಕಮಲ ಖಾಲಿ ಬಾಣಲೆಯಲ್ಲಿ ಸೌಟು ಆಡಿಸುತ್ತಿದ್ದಳು. ಐದು ಕೋಣೆ ಸಲೀಸಾಗಿ ಮುಗಿಯಿತು. ಆರನೆಯದು ತುಂಗಕ್ಕನದ್ದು. ಒಬ್ಬಳೇ ಹೆಂಗಸು, ಸಣ್ಣ ಸ್ಟೌ, ಅದರ ಮೇಲೆ ಅದೇ ದೊಡ್ಡ ಪಾತ್ರೆ, ತುಂಬಿ ಮುಚ್ಚಳ ಎತ್ತುವಷ್ಟು ಅನ್ನ.

ಒಬ್ಬರಿಗೆ ಇಷ್ಟು ಯಾಕೆ ಎಂದು ಕೃಷ್ಣಕುಮಾರ್ ಮಲಯಾಳದಲ್ಲಿ ಕೇಳಿದರು. ತುಂಗಕ್ಕ ತುಳುವಿನಲ್ಲಿ ಹೇಳಿದರು, ಕಮ್ಮಿ ಹಾಕಲು ಮೂರು ಸಲ ನೋಡಿದೆ, ಕೈ ಕೇಳುವುದಿಲ್ಲ, ಇವತ್ತು ಯಾರೂ ಉಣ್ಣಲು ಬರಬಾರದಂತೆ, ಈಗ ಇದನ್ನು ಎಂತ ಮಾಡುವುದು ಎಂದು ಸಾಹೇಬರೇ ಹೇಳಲಿ. ಆಫೀಸರಿಗೆ ತುಳು ಬಾರದು. ಅವರು ನನ್ನ ಮುಖ ನೋಡಿದರು. ನೆಂಟರು ಬರುವವರಿದ್ದಾರೆ ಎಂಬ ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಾಗಿಲಲ್ಲಿ ಕಮಲ ಕೈಮುಗಿದುಕೊಂಡೇ ನಿಂತಿದ್ದಳು. ಆದರೆ ತುಂಗಕ್ಕನ ಆ ಕೈ ಕಣ್ಣೆದುರಿಗೇ ಇತ್ತಲ್ಲ ಅಕ್ಕ, ಅದರ ಮುಂದೆ ನನಗೆ ಸುಳ್ಳು ಹೇಳಲು ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಚಪ್ಪರದ ಒಲೆಯನ್ನು ತೋರಿಸಿದೆ, ಸ್ಟೌಗಳ ಬುದ್ಧಿ ನನ್ನದು ಎಂದೆ. ಕಮಲ ಗೋಡೆಗೆ ಒರಗಿ ಕೂತುಬಿಟ್ಟಳು. ಆರು ಮನೆಯನ್ನು ಒಂದು ಬಾಯಿಯಲ್ಲಿ ನುಂಗಿದೆ ಎಂದುಕೊಂಡೆ.

ಕೃಷ್ಣಕುಮಾರ್ ಆ ಫಾರಂಗಳನ್ನು ಕೈಗೆ ತೆಗೆದುಕೊಂಡರು. ಖಾಲಿ ತಿಂಗಳುಗಳ ಮೇಲೆ ಬೆರಳಿಟ್ಟು ನೋಡಿದರು, ನಾನು ನೋಡಿದ ಹಾಗೆಯೇ. ಮತ್ತೆ ಹಿಂದಿನ ಪುಟ ತಿರುಗಿಸಿದರು. ಅಲ್ಲಿ ಮಲಗಲು ಬೇರೆ ಕೋಣೆ ಇಲ್ಲದ ಸಂಸಾರ ಎಷ್ಟು ಎಂದು ಕೇಳುವ ಒಂದು ಸಾಲು ಉಂಟು, ಅದನ್ನು ನಾವು ಯಾರೂ ತುಂಬಿಸುತ್ತಿರಲಿಲ್ಲ. ಅದರಲ್ಲಿ ತಮ್ಮ ಕೈಯಾರೆ ಬರೆದರು: ಒಲೆ ಒಂದು, ಬೇಕಾದ ಮನೆ ಆರು, ವರಮಾನ ಬೇರೆ ಬೇರೆ ನೋಡಬೇಕು. ಕೆಳಗೆ ಸಹಿ ಹಾಕಿದರು. ಮೇಲಿನವರು ಕೇಳಿದರೆ ನನ್ನನ್ನು ಕೇಳಲಿ ಎಂದರು. ತುಂಗಕ್ಕ ತಟ್ಟೆ ಇಟ್ಟರು. ಆಫೀಸರು ಬಂಗುಡೆ ಮೀನಿನ ಗಸಿಗೆ ಎರಡು ಸಲ ಅನ್ನ ಹಾಕಿಸಿಕೊಂಡರು.

ನಿನ್ನೆ ನಗರಸಭೆಯ ಬೋರ್ಡಿನಲ್ಲಿ ಪಟ್ಟಿ ಅಂಟಿಸಿದ್ದಾರೆ. ಆರು ಹೆಸರೂ ಉಂಟು. ಓಡಿ ಹೋಗಿ ಹೇಳಿದೆ. ಕಮಲ ನನ್ನನ್ನು ಹಿಡಿದುಕೊಂಡು ಅತ್ತಳು. ತುಂಗಕ್ಕ ಮಾತ್ರ ನಗಲೂ ಇಲ್ಲ, ಅಳಲೂ ಇಲ್ಲ. ಆರು ಮನೆ ಸರಿ ಟೀಚರೇ, ಒಲೆ ಯಾರ ಮನೆಯಲ್ಲಿ ಇಡುವುದು ಎಂದು ಕೇಳಿದರು. ಬಸ್ಸಿನಲ್ಲಿ ಕುಂಬಳೆಯವರೆಗೂ ಅದನ್ನೇ ಯೋಚಿಸುತ್ತಾ ಬಂದೆ. ಅವರಿಗೆ ಮನೆ ಇರಲಿಲ್ಲ, ಒಲೆ ಒಂದಿತ್ತು. ನಮಗೆ ಮನೆ ಒಂದಿತ್ತು, ಒಲೆಯನ್ನು ಒಡೆದೆವು.

ಒಡೆದೆವು ಎಂದು ಬರೆದದ್ದೂ ಸರಿಯಲ್ಲ. ಕೆಳಗೆ ನೋಡಿ.

ನೀವು ಒಪ್ಪಿದರೆ ಇಂದಿಗೂ ನಿಮ್ಮ ತಂಗಿ,
ಶ್ರೀರಂಜಿನಿ

ವಿ. ಸೂ.: ತಿನ್ನುವವರು ನಾಲ್ಕು, ತರುವವರು ಒಬ್ಬರೂ ಇಲ್ಲ ಎಂಬ ಮಾತನ್ನು ನೀವು ಆಡಲಿಲ್ಲ. ಯಾರೂ ಆಡಲಿಲ್ಲ. ಊಟಕ್ಕೆ ಕೂತಾಗಲೆಲ್ಲ ನನ್ನ ಮನಸ್ಸೇ ನನಗೆ ಹೇಳುತ್ತಿದ್ದ ಮಾತು ಅದು. ನೀವು ನನ್ನ ಮಕ್ಕಳಿಗೆ ಒಂದು ಸೌಟು ಹೆಚ್ಚು ಬಡಿಸಿದಷ್ಟೂ ನನಗೆ ಅವಮಾನ ತಡೆಯಲಾಗುತ್ತಿರಲಿಲ್ಲ. ಒಲೆ ಬೇರೆ ಮಾಡೋಣ ಎಂದೆ. ಇವರು ಕಾರಣ ಕೇಳಿದರು. ಅಕ್ಕ ಹೀಗೆಂದರು ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ, ನಿಮ್ಮದು ಆಡದೆಯೇ ಹೋಯಿತು. ನಾನು ಹಾಗೆ ಹೇಳಲೇ ಇಲ್ಲ ಎಂದು ನೀವು ಭಾವನವರ ಮುಂದೆ ಆಣೆ ಹಾಕಿ ಅತ್ತದ್ದು ಈಚೆ ಬದಿಗೆ ಕೇಳಿಸಿತ್ತು. ಕೇಳಿಸಿಯೂ ಏಳು ವರ್ಷ ಸುಮ್ಮನಿದ್ದೆ. ಇವತ್ತು ಬೆಳಿಗ್ಗೆ ಇವರಿಗೆ ಹೇಳಿದೆ, ತಟ್ಟೆ ಬಿಟ್ಟು ಎದ್ದು ಹೋದವರು ಇನ್ನೂ ಬಂದಿಲ್ಲ. ನೀವು ಬೈಯುವುದಾದರೆ ಗಟ್ಟಿಯಾಗಿ ಬೈಯಿರಿ ಅಕ್ಕ. ಗೋಡೆ ತೆಳು ಉಂಟು, ನನಗೆ ಕೇಳುತ್ತದೆ.