ಅಪ್ಪನ ದವಡೆಗೆ ಗೊಬ್ಬರ

ನನ್ನ ಮುದ್ದಿನ ಅಪ್ಪಾ,

ಮೊದಲು ಕೂತುಕೋ, ಎರಡು ಸುದ್ದಿ ಇವೆ. ಒಂದು, ನನಗೆ ಮದುವೆಯಾಗಿ ನಾಲ್ಕು ತಿಂಗಳು! ಹುಡುಗ ತುಮ್ಮನಟ್ಟಿಯವನು, ಮೋಹನ್ ಅಂತ, ಬ್ಯಾಂಕಿನಲ್ಲಿ ಕೆಲಸ, ನಕ್ಕರೆ ಕೆನ್ನೆಯಲ್ಲಿ ಗುಳಿ... ಬೇಡ, ಅವನ ವಿಷಯ ಶುರುಮಾಡಿದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಎರಡನೆಯದು ಅದಕ್ಕಿಂತ ದೊಡ್ಡದು. ಅವನಿಗೆ ಹೇಳಬೇಡ, ಅಷ್ಟೆ.

ಕೊಯಮತ್ತೂರಿನ ಆ ದಂತವೈದ್ಯರ ಕೋಣೆ ನೆನಪಿದೆಯಾ? ನಿನ್ನ ಕೆಳಗಿನ ಹಲ್ಲೆಲ್ಲ ಹೋಗಿ, ಕಟ್ಟಿಸಿದ ಸೆಟ್ಟು ಮಾತಾಡುವಾಗಲೇ ಜಾರುತ್ತಿತ್ತು. ಮದುವೆಮನೆಗಳಲ್ಲಿ ನೀನು ಬಾಯಿಗೆ ಟವೆಲ್ ಅಡ್ಡ ಹಿಡಿದು ಬರೀ ರಸಂ ಅನ್ನ ನುಂಗುತ್ತಿದ್ದೆ. ದವಡೆಯಲ್ಲಿ ಟೈಟೇನಿಯಂ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುತ್ತಾರೆಂದು ಕೇಳಿ ಹೋಗಿದ್ದೆವು. ಡಾಕ್ಟರು ಎಕ್ಸ್‌ರೇ ನೋಡಿ, "ಮೂಳೆ ಸವೆದುಹೋಗಿದೆ, ಸ್ಕ್ರೂ ನಿಲ್ಲುವುದಿಲ್ಲ" ಅಂದುಬಿಟ್ಟರು. ಬಸ್ಸಿನಲ್ಲಿ ನಾನು ಅಳುತ್ತಾ, "ನಾನೇ ಮೂಳೆ ಬೆಳೆಸ್ತೇನೆ" ಅಂದೆ. "ಬೇಗ ಬೆಳೆಸು ಕೂಸೇ, ಮುರುಕು ತಿನ್ನೋ ಆಸೆ" ಅಂದೆ ನೀನು. ಬೇಗ ಆಗಲಿಲ್ಲ ಅಪ್ಪಾ...

ನೀನು ಕಣ್ಣುಮುಚ್ಚಿದ ಮರುವರ್ಷ ಊಟಿಯ ಲ್ಯಾಬಿಗೆ ಸೇರಿದೆ. ಮೂಳೆ ಬೆಳೆಸುವ ಔಷಧವನ್ನು ಕಣ್ಣಿಗೆ ಕಾಣದ ನ್ಯಾನೋ ಕಣಗಳಲ್ಲಿ ತುಂಬಿ ಸ್ಕ್ರೂವಿನ ಸುತ್ತ ಇಡುವುದು ನನ್ನ ಕೆಲಸ. ಮೊಲದ ಕಾಲಿನ ಮೂಳೆಯಲ್ಲಿ ಪರೀಕ್ಷೆ. ಮೂಳೆ ಎಷ್ಟು ಹಿಡಿದಿದೆಯೆಂದು ನೋಡಲು ಕೊನೆಗೆ ಸ್ಕ್ರೂವನ್ನು ತಿರುಗಿಸಬೇಕು. ಎರಡು ಸಲವೂ ಅದು ಬಾಟಲಿ ಮುಚ್ಚಳದ ಹಾಗೆ ಬಿಚ್ಚಿಕೊಂಡಿತು. "ಇನ್ನೊಂದೇ ಸಲ. ಆಮೇಲೆ ವಿಷಯ ಬದಲಿಸೋಣ" ಅಂದರು ನನ್ನ ಗೈಡ್ ಮೇಡಂ.

ಮದುವೆಯಾದ ಎರಡನೇ ವಾರ ನಮ್ಮೂರು ಸೋಲೂರಿಗೆ ಬಂದಿದ್ದೆವು. ನಮ್ಮ ಅವ್ವೆಯನ್ನು ಮೆಚ್ಚಿಸಲು ಮೋಹನ್ ನಮ್ಮ ಟೀ ತೋಟಕ್ಕೆ ಗೊಬ್ಬರ ಹಾಕಲು ಹೊರಟ. ತಮ್ಮೂರಿನ ಕ್ಯಾರೆಟ್ ಪಾತಿಗೆ ಎರಚುವ ಹಾಗೆ ಇಡೀ ಚೀಲ ಎರಚಿ ಬಂದ. ಮಧ್ಯಾಹ್ನ ಜೋರು ಮಳೆ. ಗೊಬ್ಬರವೆಲ್ಲ ಇಳಿಜಾರಿನಲ್ಲಿ ಕರಗಿ ಹಳ್ಳಕ್ಕೆ!

ಅವ್ವೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಳಿಯಂದಿರೇ, ಗೊಬ್ಬರ ಹಾಕಿದ್ದು ಗಿಡಕ್ಕಾ, ಮೀನಿಗಾ?"

"ಗಿಡಕ್ಕೇ ಅತ್ತೆ..."

"ಇಲ್ಲೆ, ಇಲ್ಲೆ! ಹಾಗಲ್ಲ. ನಿಮ್ಮ ಮಾವ ಬುಡದ ಮೇಲ್ಗಡೆ ಗುಳಿ ತೋಡಿ, ಒಂದೇ ಹಿಡಿ ಹಾಕಿ, ಸೊಪ್ಪು ಮುಚ್ಚೋರು. ಬೇರು ನಿಧಾನಕ್ಕೆ ತಿನ್ನಬೇಕು, ಮಳೆ ಅಲ್ಲ."

ಮೋಹನನ ಮುಖ ಬೀಟ್‌ರೂಟ್ ಆಗಿತ್ತು. ನಾನೋ, ಅಂಗಳದಲ್ಲೇ ಕುಣಿದುಬಿಟ್ಟೆ! ನನ್ನ ಕಣಗಳ ಕತೆಯೂ ಇದೇ ಅಲ್ಲವೇ? ಹೊರಮೈಗೆ ಅಂಟಿದ ಔಷಧ ಮೊದಲ ದಿನವೇ ಕರಗಿ ರಕ್ತದಲ್ಲಿ ಕೊಚ್ಚಿಹೋಗುತ್ತಿತ್ತು. ಮೂಳೆ ಬೆಳೆಯುವ ವಾರಗಳಿಗೆ ಏನೂ ಉಳಿಯುತ್ತಿರಲಿಲ್ಲ. ಸೋತಾಗ ನಾನು ಮಾಡಿದ್ದೇನು? ಔಷಧವನ್ನು ಇನ್ನಷ್ಟು ಸುರಿದಿದ್ದೆ! ನಿನ್ನ ಮಗಳಾಗಿ, ನಿನ್ನ ತೋಟದಲ್ಲೇ ಬೆಳೆದು...

ಲ್ಯಾಬಿಗೆ ಮರಳಿದ ದಿನವೇ ಔಷಧ ಕಡಿಮೆ ಮಾಡಿದೆ. ಕಣಗಳನ್ನು ತೊಳೆದು, ನೀನು ಸೊಪ್ಪು ಮುಚ್ಚುತ್ತಿದ್ದ ಹಾಗೆ ಅವುಗಳಿಗೆ ಸೀಗಡಿ ಚಿಪ್ಪಿನಿಂದ ತೆಗೆದ ಪದಾರ್ಥದ ತೆಳು ಹೊದಿಕೆ ಹಾಕಿದೆ. ಸೀಗಡಿಯ ವಿಷಯ ಅವ್ವೆಗೆ ಹೇಳಿಲ್ಲ. ಲಿಂಗಪೂಜೆಯ ಕೋಣೆಗೆ ನನ್ನನ್ನು ಬಿಡುವಳೇ?

ನಿನ್ನೆ ಬೆಳಿಗ್ಗೆ ಪರೀಕ್ಷೆ ಇತ್ತು. ಮೇಡಂ ಸ್ಕ್ರೂವಿಗೆ ಉಪಕರಣ ಸಿಕ್ಕಿಸಿ ತಿರುಗಿಸಿದರು. ಮುಳ್ಳು ಏರಿತು, ಹಿಂದಿನ ಗುರುತು ದಾಟಿತು, ಇನ್ನೂ ಏರಿತು. "ಎನ್ನಮ್ಮಾ ಇದು!" ಎಂದು ತಮಿಳಿನಲ್ಲೇ ಕೂಗಿ, "ನೀನೇ ತಿರುಗಿಸಿ ನೋಡು" ಅಂದರು. ತಿರುಗಿಸಿದೆ. ಅಲುಗಲಿಲ್ಲ, ಅಪ್ಪಾ! ಎರಡನೇ ಮೊಲದ್ದೂ ಅಲುಗಲಿಲ್ಲ, ಮೂರನೆಯದೂ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸ್ಕ್ರೂವಿನ ಒಂದೊಂದು ಗೀರಿನೊಳಗೂ ಹೊಸ ಮೂಳೆ ತುಂಬಿಕೊಂಡಿದೆ.

ಮನುಷ್ಯರಿಗೆ ತಲುಪಲು ಇನ್ನೂ ವರ್ಷಗಳೇ ಬೇಕು, ಗೊತ್ತು. ಬೇಕಾದರೆ ಬೇಕು. ನಾನಂತೂ ಬಿಡುವುದಿಲ್ಲ. ಕಾಲಿನ ಮೂಳೆ ಮುಗಿಯಿತು. ಸೋಮವಾರದಿಂದ ದವಡೆ.

ನಿನ್ನ
ಲಲಿತಾ