ತೊಟ್ಟಿಲು ತೂಗಿದ ಪರೀಕ್ಷೆ

ಮಾರ್ಚ್ ೯, ಭಾನುವಾರ, ರಾತ್ರಿ

ಹಿತ್ತಲಿನ ಜೇನುಪೆಟ್ಟಿಗೆಗೆ ನುಸಿ ತಗುಲಿದೆಯೆಂಬ ನನ್ನ ಸಂಶಯ ನಿಜವಾಯಿತು. ಯಜಮಾನರು ಬೆಳಿಗ್ಗೆಯೇ ಪರೀಕ್ಷಿಸಿ, "ಒಂದು ನುಸೀನೂ ಇಲ್ಲ ಕಣೇ, ನನ್ನ ಮಕ್ಕಳೆಲ್ಲ ಪಾಸು!" ಎಂದು ಹಿಗ್ಗಿದ್ದರು. ಜೇನುನೊಣಗಳನ್ನು ಜಾಲರಿ ಮುಚ್ಚಳದ ಬಾಟಲಿಗೆ ತುಂಬಿ, ಸಕ್ಕರೆ ಪುಡಿ ಉದುರಿಸಿ, ನೀರಿನ ತಟ್ಟೆಯ ಮೇಲೆ ಬೋರಲು ಹಿಡಿದು ಕುಲುಕಿದರೆ, ಮೈಗಂಟಿದ ನುಸಿ ಕಳಚಿ ತಟ್ಟೆಗೆ ಬೀಳಬೇಕು. ಇವರೋ, ನೋವಾದೀತೆಂದು ತೊಟ್ಟಿಲು ತೂಗಿದಂತೆ ತೂಗಿದ್ದರು! ನುಸಿಗೂ ನಿದ್ದೆ ಹತ್ತಿರಬೇಕು.

"ಕೊಡಿ ಇಲ್ಲಿ" ಎಂದು ನಾನೇ ಕುಲುಕಿದೆ.

"ಮೆತ್ತಗೇ, ಟೀಚರಮ್ಮಾ! ಅವು ನಿನ್ ಕ್ಲಾಸಿನ ಹುಡುಗ್ರಲ್ಲ."

"ಇವಕ್ಕೆ ಹಿಂಡಲು ಕಿವಿಯಿಲ್ಲ, ಅದಕ್ಕೇ ಕುಲುಕುತ್ತಿದ್ದೇನೆ."

ತಟ್ಟೆಯ ನೀರಿನಲ್ಲಿ ಸಕ್ಕರೆ ಕರಗಿತು. ಸಾಸಿವೆಗಿಂತ ಸಣ್ಣ ಕೆಂಗಂದು ಚುಕ್ಕೆಗಳು ಉಳಿದವು. ಅವರ ಮುಖ ಬಾಡಿತು.

"ನನ್ನ ಮಕ್ಕಳು ಉಳೀತಾವೇನೇ?"

"ಬೇಗ ಕಂಡಿತಲ್ಲ, ಉಳಿಯುತ್ತವೆ. ನಾಳೆಯೇ ಔಷಧ ಇಡೋಣ."

ಸಂಜೆ ಊಟಕ್ಕೆ ಕರೆಯಲು ಹೋದರೆ, ಪೆಟ್ಟಿಗೆಯ ಬಳಿ ಬಾಗಿ ಪಿಸುಗುಟ್ಟುತ್ತಿದ್ದರು: "ಬೈಕೋಬೇಡ್ರಮ್ಮಾ. ಅವಳ ಕೈ ಸ್ವಲ್ಪ ಜೋರು, ಮನಸ್ಸು ಹಾಗಲ್ಲ."

ಕರೆಯದೆಯೇ ಹಿಂದಿರುಗಿದೆ. ಆರಿದ ಅಡುಗೆಯನ್ನು ಮತ್ತೊಮ್ಮೆ ಬಿಸಿಗಿಟ್ಟು, ಅವರ ಮಾತು ಮುಗಿಯಲೆಂದು ಕಾದೆ. ಜೇನುಗಳಿಗೆ ಹೇಳಲು ಅವರ ಬಳಿ ಬಹಳವಿತ್ತು.